ಮೊದಲ ಎಂಬತ್ತು, ಕೊನೆಯ ಇಪ್ಪತ್ತು

ಹೆದ್ದಾರಿ ಬದಿಯ ವೇಗದ ಚಾರ್ಜರಿಗೆ ಸಿಕ್ಕಿಸಿದ ವಿದ್ಯುತ್ ಕಾರು ಶೇ. 10ರಿಂದ ಶೇ. 80ಕ್ಕೆ ಏರಲು ಸಾಮಾನ್ಯವಾಗಿ ಒಂದು ಗಂಟೆ ಸಾಕು. ಅಲ್ಲಿಂದ ಮುಂದೆ ಪರದೆಯ ಮೇಲಿನ ಅಂಕಿ ತೆವಳತೊಡಗುತ್ತದೆ. ಮೊದಲ ಎಪ್ಪತ್ತು ಪಾಲಿಗೆ ಹಿಡಿದಷ್ಟೇ ಹೊತ್ತನ್ನು ಕೊನೆಯ ಇಪ್ಪತ್ತು ಪಾಲೂ ನುಂಗುವ ಕಾರುಗಳಿವೆ. ಮೊಬೈಲ್ ಫೋನ್ ಬಳಸುವವರಿಗೆ ಇದು ಹೊಸದಲ್ಲ. ಬೆಳಗ್ಗೆ ಅವಸರದಲ್ಲಿ ಚಾರ್ಜಿಗೆ ಹಾಕಿದ ಫೋನು 50 ದಾಟುವುದು ಬೇಗ, 90 ದಾಟುವುದು ತಡ. ಪೆಟ್ರೋಲ್ ಬಂಕಿನಲ್ಲಿ ಮಾತ್ರ ಹೀಗಾಗುವುದಿಲ್ಲ. ಟ್ಯಾಂಕಿಗೆ ಮೊದಲ ಲೀಟರು ಇಳಿದ ವೇಗದಲ್ಲೇ ಕೊನೆಯ ಲೀಟರೂ ಇಳಿಯುತ್ತದೆ.

ಈ ನಿಧಾನಕ್ಕೆ ಕಾರಣ ಚಾರ್ಜರಿನಲ್ಲಿಲ್ಲ, ಬ್ಯಾಟರಿಯ ಒಳಗಿದೆ. ಆ ಕಾರಣ ತಿಳಿದರೆ ವಿದ್ಯುತ್ ಕಾರು ಸಾಕುವವರ ಲೆಕ್ಕಾಚಾರದ ಬಹುಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಮನೆಯ ಪ್ಲಗ್ಗು ಬ್ಯಾಟರಿಗೆ ಯಾಕೆ ಹಿತ, ಬ್ಯಾಟರಿಗೆ ವಯಸ್ಸಾಗುವುದು ಹೇಗೆ, ಘಟ್ಟದ ಮೇಲೆ ಪೂರ್ತಿ ಚಾರ್ಜ್ ಮಾಡಿ ಇಳಿಯಲು ಹೊರಟರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬ ಪ್ರಶ್ನೆಗಳೆಲ್ಲ ಇಲ್ಲಿಗೇ ಬಂದು ಸೇರುತ್ತವೆ.

ಪದರಗಳ ನಡುವಿನ ಜಾಗ

ಕಾರಿನ ಲಿಥಿಯಂ ಬ್ಯಾಟರಿಯಲ್ಲಿ ನೂರಾರು, ಕೆಲವು ಕಾರುಗಳಲ್ಲಿ ಸಾವಿರಾರು, ಪುಟ್ಟ ಕೋಶಗಳಿರುತ್ತವೆ. ಪ್ರತಿ ಕೋಶಕ್ಕೆ ಎರಡು ತುದಿ. ಆನೋಡ್ ಎನ್ನುವ ಋಣ ತುದಿ ಹೆಚ್ಚಾಗಿ ಗ್ರಾಫೈಟ್. ಪೆನ್ಸಿಲಿನ ಕಡ್ಡಿಯಲ್ಲಿರುವ ಅದೇ ವಸ್ತು. ಕ್ಯಾಥೋಡ್ ಎನ್ನುವ ಧನ ತುದಿಯಲ್ಲಿ ಲಿಥಿಯಮ್ಮಿನ ಜೊತೆಗೆ ಕಬ್ಬಿಣ ಮತ್ತು ರಂಜಕ, ಇಲ್ಲವೇ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುತ್ತವೆ. ಎರಡರ ನಡುವೆ ಲಿಥಿಯಂ ಅಯಾನುಗಳು ಈಜಿ ಹೋಗಬಲ್ಲ ದ್ರವವಿದೆ. ಚಾರ್ಜ್ ಮಾಡುವಾಗ ಅಯಾನುಗಳು ಧನ ತುದಿ ಬಿಟ್ಟು ಗ್ರಾಫೈಟಿನೊಳಕ್ಕೆ ಸೇರುತ್ತವೆ. ಕಾರು ಓಡುವಾಗ ವಾಪಸು ಬರುತ್ತವೆ. ಎಲೆಕ್ಟ್ರಾನುಗಳು ಮಾತ್ರ ದ್ರವಕ್ಕಿಳಿಯದೆ ಹೊರಗಿನ ತಂತಿಯ ದಾರಿ ಹಿಡಿಯುತ್ತವೆ, ಆ ದಾರಿಯಲ್ಲೇ ಮೋಟಾರನ್ನು ತಿರುಗಿಸುತ್ತವೆ. ಇಲ್ಲಿ ಏನೂ ಉರಿಯುವುದಿಲ್ಲ. ಒಂದೇ ಲಿಥಿಯಂ ದಿನವೂ ಹೋಗಿ ಬಂದು ಮಾಡುತ್ತಿರುತ್ತದೆ.

ಗ್ರಾಫೈಟ್ ಎಂದರೆ ಇಂಗಾಲದ ಹಾಳೆಗಳ ಅಟ್ಟಿ. ಹಾಳೆಗಳ ನಡುವಿನ ಅಂತರ ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನ ಮೂರನೇ ಒಂದರಷ್ಟು. ಲಿಥಿಯಂ ಈ ಸಂದಿಗೆ ನುಸುಳುವುದನ್ನು ಪದರಪ್ರವೇಶ ಎನ್ನಬಹುದು. ರಸಾಯನಶಾಸ್ತ್ರಜ್ಞರು ಇಂಟರ್‌ಕ್ಯಾಲೇಶನ್ ಎನ್ನುತ್ತಾರೆ. ಗ್ರಾಫೈಟ್ ಪೂರ್ತಿ ತುಂಬಿದಾಗ ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಂ ಇರುತ್ತದೆ. ಹಾಳೆಗಳ ನಡುವಿನ ಅಂತರ ಆಗ ಸುಮಾರು ಶೇ. 10ರಷ್ಟು ಹಿಗ್ಗಿರುತ್ತದೆ. ಅಂದರೆ ಪ್ರತಿ ಚಾರ್ಜಿನಲ್ಲೂ ಬ್ಯಾಟರಿಯ ಒಡಲು ಉಬ್ಬುತ್ತದೆ, ಬಳಸಿದಂತೆ ಇಳಿಯುತ್ತದೆ.

ಮದುವೆ ಛತ್ರದ ಊಟದ ಮನೆಯನ್ನು ನೆನೆಯಿರಿ. ಬಾಗಿಲು ತೆರೆದೊಡನೆ ನುಗ್ಗಿದವರು ಕಂಡ ಎಲೆಯ ಮುಂದೆ ಕೂತುಬಿಡುತ್ತಾರೆ. ಪಂಕ್ತಿ ಮುಕ್ಕಾಲು ತುಂಬಿದ ಮೇಲೆ ಬಂದವರು ಅತ್ತ ಒಂದು, ಇತ್ತ ಒಂದು ಖಾಲಿ ಎಲೆ ಹುಡುಕುತ್ತ ಒಳಗೆ ನಡೆಯಬೇಕು. ಹೊರಗಿನಿಂದ ಮೊದಲಿನ ವೇಗದಲ್ಲೇ ಜನರನ್ನು ಬಿಡುತ್ತ ಹೋದರೆ ಬಾಗಿಲಲ್ಲೇ ಗುಂಪು ಕಟ್ಟುತ್ತದೆ. ಗ್ರಾಫೈಟಿನಲ್ಲಿ ಆಗುವುದೂ ಇದೇ. ಆದರೆ ಬಾಗಿಲಲ್ಲಿ ಗುಂಪು ಕಟ್ಟಿದ ಲಿಥಿಯಂ ಸುಮ್ಮನೆ ಕಾಯುತ್ತ ನಿಲ್ಲುವುದಿಲ್ಲ. ಗ್ರಾಫೈಟಿನ ಮೇಲ್ಮೈಯಲ್ಲೇ ಲೋಹವಾಗಿ ಹೆಪ್ಪುಗಟ್ಟುತ್ತದೆ. ಈ ಲೋಹಲೇಪದ ಒಂದಷ್ಟು ಪಾಲು ಮತ್ತೆಂದೂ ಓಡಾಟಕ್ಕೆ ಸಿಗುವುದಿಲ್ಲ. ಅದು ಸೂಜಿಯಂತೆ ಬೆಳೆದು ಎದುರಿನ ತುದಿಯನ್ನು ಮುಟ್ಟಿದರೆ ಕೋಶದೊಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿಯೂ ಹತ್ತಬಹುದು.

ಈ ಅಪಾಯ ಎಷ್ಟು ಹತ್ತಿರದ್ದು ಎಂಬುದಕ್ಕೆ ಒಂದು ಅಂಕಿ ಸಾಕು. ತುಂಬಿದ ಗ್ರಾಫೈಟಿನೊಳಗೆ ಲಿಥಿಯಂ ಕೂರುವುದಕ್ಕೂ ಹೊರಗೆ ಬರಿಯ ಲೋಹವಾಗಿ ಕೂರುವುದಕ್ಕೂ ಇರುವ ವಿದ್ಯುತ್ ಒತ್ತಡದ ವ್ಯತ್ಯಾಸ ಸುಮಾರು 0.1 ವೋಲ್ಟ್. ತುಸು ಹೆಚ್ಚು ನೂಕಿದರೂ ಗೆರೆ ದಾಟಿದಂತೆಯೇ. ಹಾಗಾಗಿ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಮೇಲ್ವಿಚಾರಕ ಕೋಶಗಳ ವೋಲ್ಟೇಜನ್ನೂ ಬಿಸಿಯನ್ನೂ ನೋಡುತ್ತ, ಭರ್ತಿ ಹತ್ತಿರವಾದಂತೆ ಕರೆಂಟನ್ನು ತಗ್ಗಿಸುತ್ತ ಬರುತ್ತದೆ. ಪರದೆಯ ಮೇಲೆ ಅಂಕಿ ತೆವಳಲು ಕಾರಣ ಇದು. ಚಾರ್ಜರು ಎಷ್ಟೇ ದೊಡ್ಡದಿರಲಿ, ಕೊನೆಗೆ ನಡೆಯುವುದು ಕೋಶದ ಮಾತು. ದಾರಿಯಲ್ಲಿ ನಿಂತವರು ಶೇ. 80 ಆದೊಡನೆ ಪ್ಲಗ್ ಕಿತ್ತು ಹೊರಡುವುದು ಲೇಸು. ಹಿಂದೆ ಸರದಿಯಲ್ಲಿ ನಿಂತಿರುವವರಿಗೂ ಅದೇ ಉಪಕಾರ.

ಮನೆಯ ಪ್ಲಗ್ಗಿನ ತಾಳ್ಮೆ

ವೇಗ ಕಡಿಮೆ ಇದ್ದರೆ ಬಾಗಿಲಲ್ಲಿ ಗುಂಪೇ ಕಟ್ಟುವುದಿಲ್ಲ. ಗೀಸರಿಗೆ ಬಳಸುವ 15 ಆಂಪಿಯರ್ ಪ್ಲಗ್ಗಿನಿಂದ ಕಾರಿಗೆ ಹೋಗುವುದು ಸುಮಾರು 3 ಕಿಲೋವ್ಯಾಟ್, ಅಂದರೆ ಗಂಟೆಗೆ 3 ಯೂನಿಟ್. 45 ಯೂನಿಟ್ ಹಿಡಿಸುವ ಬ್ಯಾಟರಿ ಬರಿದಾಗಿದ್ದರೆ ತುಂಬಲು 15 ಗಂಟೆಗೂ ಮೇಲೆ ಬೇಕು. ಕೇಳಲು ದೀರ್ಘವೆನಿಸಿದರೂ ದಿನಕ್ಕೆ 40 ಕಿ.ಮೀ. ಓಡುವ ಕಾರಿಗೆ ಬೇಕಾಗುವುದು 6 ಯೂನಿಟ್ಟಿನ ಆಸುಪಾಸು. ರಾತ್ರಿ ಊಟ ಮುಗಿಸಿ ಸಿಕ್ಕಿಸಿದರೆ ಮಧ್ಯರಾತ್ರಿಯೊಳಗೆ ಮುಗಿದಿರುತ್ತದೆ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಪೆಟ್ಟಿಗೆ ಇದ್ದರೆ ಖಾಲಿ ಬ್ಯಾಟರಿಯೂ ಬೆಳಗಾಗುವುದರೊಳಗೆ ಭರ್ತಿ.

ಮನೆಯ ಕಡೆಯ ಸಿದ್ಧತೆಯನ್ನು ಹಗುರಾಗಿ ತೆಗೆದುಕೊಳ್ಳಬಾರದು. ಗೀಸರು ಅರ್ಧ ಗಂಟೆ ಉರಿದು ಆರುತ್ತದೆ. ಕಾರು ಅದೇ ಹೊರೆಯನ್ನು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ಹಳೆಯ ಮನೆಯ ತೆಳು ತಂತಿ, ಸಡಿಲ ಸಾಕೆಟ್ಟು ಅಷ್ಟು ಹೊತ್ತಿನಲ್ಲಿ ಕಾದು ಪ್ಲಾಸ್ಟಿಕ್ ಕರಗುವ ಮಟ್ಟಕ್ಕೆ ಬರುತ್ತವೆ. ಮೀಟರಿನಿಂದ ನೇರವಾಗಿ 4 ಚದರ ಮಿಲಿಮೀಟರ್ ತಾಮ್ರದ ತಂತಿ, ಅದಕ್ಕೆಂದೇ ಬೇರೆ ಎಂಸಿಬಿ, ಒಳ್ಳೆಯ ಕೈಗಾರಿಕಾ ಸಾಕೆಟ್ಟು ಹಾಕಿಸುವುದು ಕ್ಷೇಮ. ಮನೆಗೆ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇದ್ದರೆ ಅದನ್ನು ಹೆಚ್ಚಿಸಿಕೊಳ್ಳಲು ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಎಸ್ಕಾಂಗೆ, ಅರ್ಜಿ ಕೊಡಬೇಕು.

ಎಲ್ಲಕ್ಕಿಂತ ಹೆಚ್ಚು ತೊಡಕು ಬರುವುದು ಅರ್ಥಿಂಗಿನಲ್ಲಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜಿಂಗ್ ಕೇಬಲ್ಲಿನ ನಡುವಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತದೆ, ಕಾರು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಮಳೆಗಾಲದಲ್ಲಿ ಸರಾಗವಾಗಿ ಚಾರ್ಜ್ ಆಗುತ್ತಿದ್ದ ಕಾರು ಏಪ್ರಿಲ್‌ನಲ್ಲಿ ಮುನಿಸಿಕೊಂಡರೆ ಮೊದಲು ನೋಡಬೇಕಾದ್ದು ಮನೆಯ ಹಿಂದಿನ ಅರ್ಥ್ ಗುಂಡಿಯನ್ನು. ಮಣ್ಣು ಒಣಗಿದರೆ ಅದು ಕರೆಂಟನ್ನು ನೆಲಕ್ಕೆ ಇಳಿಸಲಾರದು. ಗುಂಡಿಗೆ ನೀರು ಹಾಕುತ್ತಿರುವುದು, ಇದ್ದಿಲು ಮತ್ತು ಉಪ್ಪಿನ ಹಳೆಯ ತುಂಬುವಿಕೆಯನ್ನು ಬದಲಾಯಿಸುವುದು ಎಲೆಕ್ಟ್ರಿಷಿಯನ್ನರು ಬಲ್ಲ ಉಪಾಯ.

ಅಪಾರ್ಟ್‌ಮೆಂಟಿನಲ್ಲಿ ಇರುವವರ ಪಾಡು ಬೇರೆ. ಮನೆಯಲ್ಲಿರುವ ಕರೆಂಟ್ ಸಂಪರ್ಕದಿಂದಲೇ ಕಾರನ್ನು ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತು. ಆದರೂ ನೆಲಮಾಳಿಗೆಯ ಪಾರ್ಕಿಂಗಿಗೆ ತಂತಿ ಎಳೆಯಲು ನಿವಾಸಿಗಳ ಸಂಘದ ಒಪ್ಪಿಗೆ ಬೇಕು, ಕಟ್ಟಡದ ಟ್ರಾನ್ಸ್‌ಫಾರ್ಮರಿಗೆ ತಾಳಿಕೆ ಇರಬೇಕು. ಕಾರಿನ ಮಾದರಿ, ಬಣ್ಣ ಆರಿಸುವ ಮೊದಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಮನೆಯಲ್ಲಿ ಚಾರ್ಜಿಂಗ್ ಇಲ್ಲದವರ ಲೆಕ್ಕ ಬೇರೆಯೇ ದಿಕ್ಕಿಗೆ ಹೋಗುತ್ತದೆ.

ಕಿಲೋಮೀಟರಿಗೆ ಎಷ್ಟು ರೂಪಾಯಿ

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಅಡಗಿದೆ. ಅದನ್ನು ಸುಟ್ಟು ಮಧ್ಯಮ ಗಾತ್ರದ ಕಾರು 15 ಕಿ.ಮೀ. ಹೋಗುತ್ತದೆ. ಅಷ್ಟೇ ದೊಡ್ಡ ವಿದ್ಯುತ್ ಕಾರು 9 ಯೂನಿಟ್ಟಿನಲ್ಲಿ 60 ಕಿ.ಮೀ. ದಾಟುತ್ತದೆ. ಇಂಜಿನ್ನು ತನ್ನ ಇಂಧನದ ಮುಕ್ಕಾಲು ಪಾಲನ್ನು ರೇಡಿಯೇಟರ್ ಮತ್ತು ಹೊಗೆಕೊಳವೆಯಲ್ಲಿ ಬಿಸಿಯಾಗಿ ಚೆಲ್ಲುತ್ತದೆ. ಮೋಟಾರು ತನಗೆ ಬಂದದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಚಕ್ರಕ್ಕೆ ದಾಟಿಸುತ್ತದೆ. ಉಳಿತಾಯದ ಮೂಲ ಇದು.

ತಿಂಗಳಿಗೆ 1,000 ಕಿ.ಮೀ. ಓಡುವ ಒಂದು ಮನೆಯನ್ನು ತೆಗೆದುಕೊಳ್ಳಿ. ಯೂನಿಟ್ಟಿಗೆ 7 ಕಿ.ಮೀ.ಯಂತೆ ಬ್ಯಾಟರಿಯಿಂದ 143 ಯೂನಿಟ್ ಖರ್ಚಾಗುತ್ತದೆ. ಚಾರ್ಜಿಂಗಿನಲ್ಲಿ ಬಿಸಿಯಾಗಿ ಹೋಗುವ ಹತ್ತರಲ್ಲೊಂದು ಪಾಲನ್ನೂ ಸೇರಿಸಿದರೆ ಮೀಟರಿನಲ್ಲಿ 160. ಕರ್ನಾಟಕದಲ್ಲಿ 2025-26ರ ಗೃಹಬಳಕೆಯ ದರ ಯೂನಿಟ್ಟಿಗೆ ₹5.80 ಇತ್ತು, ಸರ್ಚಾರ್ಜ್, ತೆರಿಗೆ ಕೂಡಿ ₹7ರೊಳಗೆ ಬರುತ್ತಿತ್ತು. ಹಾಗಾಗಿ ತಿಂಗಳಿಗೆ ಸುಮಾರು ₹1,100. ಲೀಟರಿಗೆ ₹102ರಂತೆ ಪೆಟ್ರೋಲ್ ಕಾರಿಗೆ ಅದೇ ದೂರಕ್ಕೆ ₹6,800. ಸಾರ್ವಜನಿಕ ವೇಗದ ಚಾರ್ಜರನ್ನೇ ನಂಬಿದವರಿಗೆ, ಜಿಎಸ್‌ಟಿ ಸೇರಿ ಯೂನಿಟ್ಟಿಗೆ ₹22ರ ದರ ಹಿಡಿದರೆ, ₹3,300ರ ಆಸುಪಾಸು.

ಕೊಳ್ಳುವಾಗ ವಿದ್ಯುತ್ ಕಾರಿಗೆ ₹3 ಲಕ್ಷ ಹೆಚ್ಚು ಕೊಟ್ಟಿದ್ದರೆ, ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಆ ಹಣ ಮರಳಲು ಸುಮಾರು 53,000 ಕಿ.ಮೀ. ಓಡಬೇಕು. ತಿಂಗಳಿಗೆ ಸಾವಿರದಂತೆ ನಾಲ್ಕೂವರೆ ವರ್ಷ. ಹೊರಗೆ ಮಾತ್ರ ಚಾರ್ಜ್ ಮಾಡುವವರಿಗೆ 86,000 ಕಿ.ಮೀ., ಅಂದರೆ ಏಳು ವರ್ಷ. ತಿಂಗಳಿಗೆ ಬರೀ 400 ಕಿ.ಮೀ. ಓಡುವವರಿಗೆ ಮನೆಯ ಅಗ್ಗದ ಕರೆಂಟ್ ಇದ್ದರೂ ಹನ್ನೊಂದು ವರ್ಷ ಬೇಕು. ಹೆಚ್ಚು ಓಡುವವರಿಗೆ ಈ ಕಾರು ಲಾಭ. ವಾರಕ್ಕೊಮ್ಮೆ ದೇವಸ್ಥಾನಕ್ಕೆ, ತಿಂಗಳಿಗೊಮ್ಮೆ ಮಾರುಕಟ್ಟೆಗೆ ಹೊರಡುವ ಮನೆಗೆ ಹಣದ ದೃಷ್ಟಿಯಿಂದ ಇದರ ಅಗತ್ಯವಿಲ್ಲ ಎನ್ನುವುದೇ ಪ್ರಾಮಾಣಿಕ ಮಾತು.

ಕರ್ನಾಟಕದ ಮನೆಗಳಿಗೆ ಇನ್ನೊಂದು ಲೆಕ್ಕವಿದೆ. ಮನೆಗಳಿಗೆ ಉಚಿತ ಕರೆಂಟ್ ಕೊಡುವ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನೂ ಕಟ್ಟಬೇಕು. 120 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಮನೆಗೆ ಕಾರಿನ 160 ಸೇರಿದರೆ 280 ಆಗುತ್ತದೆ. ಉಚಿತವಾಗಿದ್ದ 120ಕ್ಕೂ ಹಣ ತೆರಬೇಕಾಗುತ್ತದೆ. ಕಾರಿನ ನಿಜವಾದ ಖರ್ಚು ಆಗ ತಿಂಗಳಿಗೆ ₹2,000ದ ಹತ್ತಿರ. ವಾಹನ ಚಾರ್ಜಿಂಗಿಗೆಂದೇ ಬೇರೆ ಮೀಟರ್ ಪಡೆಯುವ ಅವಕಾಶವಿದೆ. ಅದರ ದರ, ನಿಗದಿತ ಶುಲ್ಕ ಎರಡನ್ನೂ ಎಸ್ಕಾಂ ಕಚೇರಿಯಲ್ಲಿ ವಿಚಾರಿಸಿ ತೂಗಿ ನೋಡಬೇಕು.

ಊರೊಳಗೆ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ

ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ ಒಳ್ಳೆಯ ಮೈಲೇಜ್ ಕೊಡುತ್ತದೆ, ವಿದ್ಯುತ್ ಕಾರು ಊರೊಳಗೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: ಗಂಟೆಗೆ 70 ಕಿ.ಮೀ.ಗೆ ಇದ್ದದ್ದು 100ಕ್ಕೆ ಎರಡರಷ್ಟಾಗುತ್ತದೆ. ಇದು ಎರಡೂ ಕಾರುಗಳಿಗೆ ಸಮಾನ. ಆದರೆ ಪೆಟ್ರೋಲ್ ಇಂಜಿನ್ನು ನಿಂತು ಹೊರಡುವ ಓಟದಲ್ಲಿ ತೀರ ದುಂದುಗಾರ. ಹೆದ್ದಾರಿಯ ಏಕಪ್ರಕಾರದ ಓಟದಲ್ಲಿ ಅದರ ದಕ್ಷತೆ ಸುಧಾರಿಸಿ ಗಾಳಿಯ ನಷ್ಟವನ್ನು ಮುಚ್ಚಿಹಾಕುತ್ತದೆ. ಮೋಟಾರಿಗೆ ಸುಧಾರಿಸಲು ಹೆಚ್ಚೇನೂ ಉಳಿದಿಲ್ಲ. ಗಾಳಿಗೆ ತೆತ್ತದ್ದು ಪರದೆಯ ಮೇಲೆ ನೇರವಾಗಿ ಕಾಣುತ್ತದೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಮಿತಿಯನ್ನು ಮುಟ್ಟಿಕೊಂಡೇ ಹೋದವರಿಗೆ ಸಿಗುವ ದೂರಕ್ಕೂ ಕಂಪನಿಯ ಜಾಹೀರಾತಿನ ಅಂಕಿಗೂ ದೊಡ್ಡ ಅಂತರವಿರುವುದು ಹೀಗಾಗಿ. ಜಾಹೀರಾತಿನ ಅಂಕಿ ಬರುವುದು ಪ್ರಯೋಗಾಲಯದ ರೋಲರುಗಳ ಮೇಲೆ ನಡೆಸುವ ಭಾರತೀಯ ಪರೀಕ್ಷಾ ಓಟದಿಂದ. ಅದರ ಗರಿಷ್ಠ ವೇಗ 90 ಕಿ.ಮೀ., ಅದೂ ಸ್ವಲ್ಪ ಹೊತ್ತು ಮಾತ್ರ. ಆ ಅಂಕಿಯ ಮೂರನೇ ಎರಡು ಭಾಗವನ್ನು ನಂಬಿ ಪ್ರಯಾಣ ಹಾಕಿಕೊಳ್ಳುವುದು ವಿವೇಕ.

ಏಸಿಯ ಬಗ್ಗೆ ಇರುವ ಭಯ ಅತಿಯಾದದ್ದು. ತಣಿದ ಕಾರಿನಲ್ಲಿ ಅದು ಗಂಟೆಗೆ ಒಂದು ಯೂನಿಟ್ಟಿನಷ್ಟು ಬಳಸುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಬಿದ್ದರೂ ಹೋಗುವುದು 7 ಕಿ.ಮೀ. ದಾರಿ, ಅಷ್ಟೆ.

ಘಟ್ಟ ಹತ್ತಿ ಇಳಿಯುವಾಗ

ಬ್ರೇಕ್ ಹಾಕಿದಾಗ ಪೆಟ್ರೋಲ್ ಕಾರಿನ ಓಟವೆಲ್ಲ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಮುಗಿಯುತ್ತದೆ. ವಿದ್ಯುತ್ ಕಾರಿನಲ್ಲಿ ಮೋಟಾರೇ ಆಗ ಡೈನಮೋ ಆಗಿ ತಿರುಗಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ರೀಜನರೇಟಿವ್ ಬ್ರೇಕಿಂಗ್ ಎನ್ನುವ ಇದನ್ನು ಮರುಗಳಿಕೆ ಎಂದು ಕರೆಯೋಣ. ಇದರ ಪೂರ್ಣ ರೂಪ ಕಾಣುವುದು ಶಿರಾಡಿ, ಚಾರ್ಮಾಡಿಯಂಥ ಘಟ್ಟಗಳಲ್ಲಿ.

ಸಕಲೇಶಪುರದ ಎತ್ತರದಿಂದ ಶಿರಾಡಿ ಘಟ್ಟದ ಬುಡಕ್ಕೆ ಸುಮಾರು 800 ಮೀಟರ್ ಇಳಿಕೆ. ಜನ, ಸಾಮಾನು ಸೇರಿ 1,700 ಕಿಲೋ ತೂಗುವ ಕಾರಿಗೆ ಆ ಎತ್ತರದ ಬೆಲೆ ಸುಮಾರು 3.7 ಯೂನಿಟ್. ಹತ್ತುವಾಗ ಇದು, ನಷ್ಟವೂ ಕೂಡಿ, ಮಾಮೂಲಿ ಖರ್ಚಿನ ಮೇಲೆ ಹೊರೆಯಾಗಿ ಬೀಳುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಬರುವವರು ಸಮತಟ್ಟಾದ ದಾರಿಯ ಲೆಕ್ಕಕ್ಕಿಂತ 30 ಕಿ.ಮೀ.ಯಷ್ಟು ಹೆಚ್ಚಿನ ಚಾರ್ಜ್ ಇಟ್ಟುಕೊಂಡು ಘಟ್ಟ ಹತ್ತಬೇಕು. ಇಳಿಯುವವರಿಗೆ ಅದರ ಅರ್ಧಕ್ಕಿಂತ ಹೆಚ್ಚು ಪಾಲು ವಾಪಸು ಸಿಗುತ್ತದೆ. ಬುಡ ಮುಟ್ಟುವಾಗ ಶೇಕಡಾವಾರು ಅಂಕಿ ಹೊರಟಾಗಿನಷ್ಟೇ, ಕೆಲವೊಮ್ಮೆ ತುಸು ಹೆಚ್ಚೇ, ಇರುವುದುಂಟು.

ಸಕಲೇಶಪುರದ ಹೋಂಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ ಶೇ. 100 ಮಾಡಿಕೊಂಡು ಇಳಿಯಲು ಹೊರಟವರಿಗೆ ಮಾತ್ರ ಈ ಲಾಭ ಕೈತಪ್ಪುತ್ತದೆ. ಗ್ರಾಫೈಟಿನಲ್ಲಿ ಖಾಲಿ ಜಾಗವೇ ಇಲ್ಲದ ಮೇಲೆ ಮರುಗಳಿಕೆಯ ಕರೆಂಟ್ ಎಲ್ಲಿಗೆ ಹೋಗಬೇಕು? ಮೇಲ್ವಿಚಾರಕ ಅದನ್ನು ತಡೆಹಿಡಿಯುತ್ತದೆ. ಕಾಲೆತ್ತಿದೊಡನೆ ತಾನಾಗಿ ನಿಧಾನವಾಗುತ್ತಿದ್ದ ಕಾರು ಆಗ ಜಾರುತ್ತ ಹೋಗುತ್ತದೆ, ಕೆಲಸವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಘಟ್ಟದ ತಲೆಯಲ್ಲಿ ಶೇ. 85, 90ಕ್ಕೆ ನಿಲ್ಲಿಸಿ ಹೊರಡುವುದು ಸುರಕ್ಷತೆಗೂ ಒಳ್ಳೆಯದು.

ಬ್ಯಾಟರಿಗೆ ವಯಸ್ಸಾಗುವ ಬಗೆ

ಬೆಂಗಳೂರಿನಲ್ಲೇ ಹುಟ್ಟಿ 2001ರಲ್ಲಿ ಮಾರುಕಟ್ಟೆಗೆ ಬಂದ ಚೇತನ್ ಮೈನಿಯವರ ರೇವಾ ಕಾರು ಸೀಸ-ಆಮ್ಲದ ಬ್ಯಾಟರಿಗಳ ಮೇಲೆ ಓಡುತ್ತಿತ್ತು. ಲಂಡನ್ನಿನ ಬೀದಿಗಳವರೆಗೂ ಹೋದ ಆ ಪುಟ್ಟ ಕಾರನ್ನು ಕಟ್ಟಿಹಾಕಿದ್ದು ಬ್ಯಾಟರಿಯ ತೂಕ ಮತ್ತು ಅಲ್ಪಾಯುಷ್ಯ. ಲಿಥಿಯಂ ಬ್ಯಾಟರಿ ಈ ಎರಡನ್ನೂ ಬದಲಿಸಿತು. ಅದನ್ನು ರೂಪಿಸಿದ್ದಕ್ಕೆ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಇಂದು ಭಾರತದ ಹಲವು ಕಾರುಗಳಲ್ಲಿರುವ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬಗೆಯನ್ನು, ಅಂದರೆ ಎಲ್‌ಎಫ್‌ಪಿಯನ್ನು, 1997ರ ಪ್ರಬಂಧದಲ್ಲಿ ವಿವರಿಸಿದವರು ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಇನಫ್.

ಹೊಸ ಬ್ಯಾಟರಿಯ ಮೊದಲ ಚಾರ್ಜಿನಲ್ಲೇ ಗ್ರಾಫೈಟಿನ ಮೇಲೆ ಒಂದು ತೆಳು ಪೊರೆ ಬೆಳೆಯುತ್ತದೆ. ಅದು ದ್ರವವನ್ನು ದೂರವಿಟ್ಟು ಲಿಥಿಯಮ್ಮನ್ನು ಮಾತ್ರ ಒಳಗೆ ಬಿಡುವ ಕಾವಲು ಪೊರೆ. ಅದಿಲ್ಲದೆ ಬ್ಯಾಟರಿ ಬಾಳುವುದಿಲ್ಲ. ಆದರೆ ಪೊರೆ ಕಟ್ಟಲು ಲಿಥಿಯಮ್ಮೇ ಬೇಕು. ಚಾರ್ಜಿನ ಉಬ್ಬು-ತಗ್ಗಿನಲ್ಲಿ ಪೊರೆ ಅಲ್ಲಲ್ಲಿ ಬಿರಿದಾಗಲೆಲ್ಲ ಮತ್ತೆ ಕಟ್ಟಿಕೊಳ್ಳುತ್ತದೆ, ಮತ್ತಷ್ಟು ಲಿಥಿಯಂ ಅದರಲ್ಲಿ ಸೆರೆಯಾಗುತ್ತದೆ. ಬ್ಯಾಟರಿಯ ಶಕ್ತಿ ಮೊದಲ ವರ್ಷ ಬೇಗ ಇಳಿದು ಆಮೇಲೆ ನಿಧಾನವಾಗುವುದು, ಪೊರೆ ದಪ್ಪಗಾದಂತೆ ಅದರ ಬೆಳವಣಿಗೆ ಕುಂದುವುದರಿಂದ.

ಈ ಬೆಳವಣಿಗೆಗೆ ಗೊಬ್ಬರ ಹಾಕುವುದು ಬಿಸಿ ಮತ್ತು ಪೂರ್ತಿ ತುಂಬಿದ ಸ್ಥಿತಿ. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಶೇ. 100 ತುಂಬಿಸಿ ದಿನಗಟ್ಟಲೆ ನಿಲ್ಲಿಸಿಬಿಟ್ಟ ಕಾರು, ಓಡದೆಯೂ ಸವೆಯುತ್ತದೆ. ಊರಿಗೆ ಹೋಗುವವರು ಅರ್ಧ ಚಾರ್ಜಿನಲ್ಲಿ, ನೆರಳಿನಲ್ಲಿ ನಿಲ್ಲಿಸಿ ಹೋಗುವುದು ಒಳ್ಳೆಯದು. ದಿನನಿತ್ಯ ಶೇ. 80, 90ಕ್ಕೆ ಮಿತಿ ಇಟ್ಟುಕೊಳ್ಳಬಹುದು. ಎಲ್‌ಎಫ್‌ಪಿ ಬ್ಯಾಟರಿಗೆ ಒಂದು ವಿನಾಯಿತಿ ಉಂಟು. ತುಂಬಿದಾಗಲೂ ಅರ್ಧವಿದ್ದಾಗಲೂ ಅದರ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರುವುದರಿಂದ ಎಷ್ಟು ಉಳಿದಿದೆ ಎಂಬ ಅಂದಾಜು ಮೇಲ್ವಿಚಾರಕನಿಗೆ ತಪ್ಪುತ್ತ ಹೋಗುತ್ತದೆ. ಅದನ್ನು ಸರಿಪಡಿಸಲು ಆಗಾಗ, ಕಾರಿನ ಕೈಪಿಡಿ ಹೇಳಿದಂತೆ, ನಿಧಾನದ ಚಾರ್ಜರಿನಲ್ಲಿ ಶೇ. 100 ಮುಟ್ಟಿಸಬೇಕು.

ಕಂಪನಿಗಳು ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ.ಗೆ ಕೊಡುವ ಖಾತರಿ ಈ ಸವೆತವನ್ನು ಲೆಕ್ಕ ಹಾಕಿಯೇ ಬರೆದದ್ದು. ಅವಧಿ ಮುಗಿಯುವ ಮೊದಲೇ ಸಾಮರ್ಥ್ಯ ಶೇ. 70ಕ್ಕಿಂತ ಕೆಳಗಿಳಿದರೆ ಪರಿಹಾರ ಕೊಡುವುದು ವಾಡಿಕೆ. ಕರಾರು ಪತ್ರದಲ್ಲಿ ಈ ಅಂಕಿಯನ್ನು ಹುಡುಕಿ ಓದಬೇಕು. ಬ್ಲೂಮ್‌ಬರ್ಗ್‌ಎನ್‌ಇಎಫ್ ಸಮೀಕ್ಷೆಗಳ ಪ್ರಕಾರ 2010ರಲ್ಲಿ ಒಂದು ಯೂನಿಟ್ ಹಿಡಿಸುವ ಬ್ಯಾಟರಿಯ ಬೆಲೆ 1,000 ಡಾಲರಿಗೂ ಮೇಲಿತ್ತು. 2024ರಲ್ಲಿ ಅದು 115 ಡಾಲರಿಗೆ ಇಳಿದಿತ್ತು. ಹಾಗಿದ್ದರೂ 45 ಯೂನಿಟ್ಟಿನ ಬ್ಯಾಟರಿ ಎಂದರೆ ನಾಲ್ಕು ಲಕ್ಷ ರೂಪಾಯಿ ದಾಟುವ ವಸ್ತು.

ಉಳಿದ ಖರ್ಚುಗಳು

ಇಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಕ್ಲಚ್ ಯಾವುದೂ ಇಲ್ಲದ ಕಾರಿಗೆ ಸರ್ವೀಸಿನ ಖರ್ಚು ಕಡಿಮೆ. ಬ್ಯಾಟರಿ ತಣಿಸುವ ಕೂಲೆಂಟ್, ಬ್ರೇಕ್ ದ್ರವ, ಏಸಿ ಫಿಲ್ಟರ್ ಮಾತ್ರ ಕಾಲಕಾಲಕ್ಕೆ ನೋಡಬೇಕು. ಮರುಗಳಿಕೆಯಿಂದಾಗಿ ಬ್ರೇಕ್ ಪ್ಯಾಡ್ ಹೆಚ್ಚು ಬಾಳುತ್ತದೆ. ಟೈರ್ ಕಡಿಮೆ ಬಾಳುತ್ತದೆ. ಬ್ಯಾಟರಿಯ ಭಾರವೂ ಮೋಟಾರಿನ ಹಠಾತ್ ಎಳೆತವೂ ಅದನ್ನು ಸವೆಸುತ್ತವೆ. ದೊಡ್ಡ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ಪುಟ್ಟ ಬ್ಯಾಟರಿ ಸತ್ತರೆ ಕಾರು ಏಳುವುದಿಲ್ಲ. ಮೂರ್ನಾಲ್ಕು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ಮರೆಯಬಾರದು.

ವಿದ್ಯುತ್ ಕಾರಿನ ಮೇಲೆ ಜಿಎಸ್‌ಟಿ ಶೇ. 5. ಸೆಪ್ಟೆಂಬರ್ 2025ರ ಪರಿಷ್ಕರಣೆಯ ಮೇಲೆ ಪೆಟ್ರೋಲ್ ಕಾರುಗಳಲ್ಲಿ ಚಿಕ್ಕವಕ್ಕೆ ಶೇ. 18, ದೊಡ್ಡವಕ್ಕೆ ಶೇ. 40. ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ 2022ರಿಂದ ಶೇ. 15 ರಿಯಾಯಿತಿ ಇದೆ. ರಸ್ತೆ ತೆರಿಗೆ ರಾಜ್ಯದ ಕೈಯಲ್ಲಿದ್ದು ಬದಲಾಗುತ್ತಿರುತ್ತದೆ. ವರ್ಷಗಳ ಕಾಲ ಪೂರ್ತಿ ವಿನಾಯಿತಿ ಕೊಟ್ಟಿದ್ದ ಕರ್ನಾಟಕ, 2024ರಲ್ಲಿ ₹25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ. 10 ತೆರಿಗೆ ಹಾಕಿತು. ಬುಕ್ ಮಾಡುವ ದಿನದ ದರವನ್ನೇ ಕೇಳಿ ತಿಳಿಯಬೇಕು. ನೆರೆ ನುಗ್ಗುವ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು, ನೀರಿನಿಂದ ಬ್ಯಾಟರಿಗಾಗುವ ಹಾನಿಯೂ ವಿಮೆಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಕಾರು ನೋಡುವವರು ಓಡಿದ ಕಿಲೋಮೀಟರಿನಷ್ಟೇ ಗಮನವನ್ನು ಬ್ಯಾಟರಿಯ ಆರೋಗ್ಯದ ಅಂಕಿಗೂ ಕೊಡಬೇಕು. ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಶೇಕಡಾ ಎಷ್ಟು ಉಳಿದಿದೆ ಎಂಬ ವರದಿಯನ್ನು ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಕೇಳಿ ಪಡೆಯಬಹುದು. ಕಾರು ಇದುವರೆಗೆ ಮನೆಯ ಪ್ಲಗ್ಗಿನಲ್ಲಿ ಎಷ್ಟು, ವೇಗದ ಚಾರ್ಜರಿನಲ್ಲಿ ಎಷ್ಟು ತುಂಬಿಸಿಕೊಂಡಿದೆ ಎಂಬ ದಾಖಲೆಯೂ ಸಿಕ್ಕರೆ ಕೇಳಿ ನೋಡಬೇಕು. ಖಾತರಿಯ ಉಳಿದ ವರ್ಷಗಳು ಹೊಸ ಮಾಲೀಕರ ಹೆಸರಿಗೂ ಹಾಗೇ ಮುಂದುವರಿಯುತ್ತವೆಯೇ, ಕಡಿತವಾಗುತ್ತವೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯಬೇಕು.